ಬಾಗೆ ಮರ ಗುರುತಿಸೋದು, ಬೀಜದಿಂದ ಬೆಳೆಸೋದು ಹೇಗೆ

ನಮ್ಮ ಮೈಸೂರು ಮಂಡ್ಯ ಕಡೆ ಬಾಗೆ ಮರ ಬೆಳೆಸ್ಬೇಕು ಅಂತ ಹೊರಟು ರಸ್ತೆ ಬದಿ ಸಿಕ್ಕಿದ ಮಳೆಮರದ ಬೀಜ ತಂದು ಹಾಕೋರು ಬೇಕಾದಷ್ಟು ಜನ ಇದ್ದಾರೆ. ತಪ್ಪೇನಿಲ್ಲ, ಎರಡೂ ಒಂದೇ ಬಳಗ, ಎರಡಕ್ಕೂ ಕಡ್ಡಿ ತುಂಬ ಜೋಡಿ ಜೋಡಿ ಸಣ್ಣೆಲೆ, ಎರಡೂ ಸಂಜೆ ಆದ್ರೆ ಎಲೆ ಮಡಚ್ಕೊಳ್ತವೆ. ಅದಕ್ಕೆ ಎಲೆ ನೋಡಿ ತೀರ್ಮಾನ ಮಾಡ್ಬೇಡಿ, ಕಾಯಿ ನೋಡಿ.

ಬಾಗೆ ಅಂದ್ರೆ ಶಿರೀಷ, ಸೈನ್ಸಲ್ಲಿ ಆಲ್ಬಿಜಿಯಾ ಲೆಬೆಕ್. ಇದರ ಕಾಯಿ ತೆಳ್ಳಗೆ, ಚಪ್ಪಟೆ, ಸುಮಾರು ಒಂದು ಗೇಣುದ್ದ, ಒಣಗಿದ್ಮೇಲೆ ಬಿಳಿ ಹುಲ್ಲಿನ ಬಣ್ಣ, ಬೀಜ ಇರೋ ಕಡೆಯೆಲ್ಲ ಹೊರಗಿಂದ್ಲೇ ಉಬ್ಬು ಕಾಣುತ್ತೆ. ಬೇಸಿಗೆ ಶುರುವಲ್ಲಿ ಎಲೆ ಎಲ್ಲ ಉದುರಿ ಬರೀ ಕಾಯಿ ನೇತಾಡ್ತಿರುತ್ತೆ, ಗಾಳಿ ಬಂದ್ರೆ ಇಡೀ ಮರ ಗಲಗಲ ಅನ್ನುತ್ತೆ. ಮಳೆಮರದ ಕಾಯಿ ಕಪ್ಪಗೆ, ದಪ್ಪಗೆ, ಮುರಿದ್ರೆ ಒಳಗೆ ಸಿಹಿ ಸಿಹಿ ಅಂಟು ತಿರುಳು, ದನ ಮೇಕೆ ಹುಡುಕ್ಕೊಂಡು ಬಂದು ತಿನ್ನುತ್ವೆ. ಅದು ಅಮೆರಿಕ ಖಂಡದಿಂದ ಬಂದ ಮರ, ಬಾಗೆ ನಮ್ಮದೇ.

ಏಪ್ರಿಲ್ ಮೇನಲ್ಲಿ ನೋಡಿದ್ರೆ ಇನ್ನೂ ಸುಲಭ. ಬಾಗೆ ಹೂವು ಬಿಳಿ, ಸ್ವಲ್ಪ ಹಸಿರು ಛಾಯೆ, ಬಾಡ್ತಾ ಹಳದಿ ಆಗುತ್ತೆ, ಘಮ ಚೆನ್ನಾಗಿರುತ್ತೆ. ಮಳೆಮರದ್ದು ಗುಲಾಬಿ. ಇನ್ನು ತಲೆಗೆ ಹಾಕೋ ಸುಜ್ಜಲು ಪುಡಿ ಗೊತ್ತಲ್ವಾ, ಆ ಸುಜ್ಜಲೂ ಇದೇ ಜಾತಿ, ಆದ್ರೆ ಅದರ ಎಲೆ ತೀರಾ ಚಿಕ್ಕದು, ಮರಾನೂ ಗಿಡ್ಡ. ಆನ್‌ಲೈನ್‌ನಲ್ಲಿ ಗುಲಾಬಿ ಹೂವಿನ ಫೋಟೋ ಹಾಕಿ ‘ಮಿಮೋಸಾ’ ಅಂತ ಮಾರ್ತಾರಲ್ಲ, ಅದು ಸಾಮಾನ್ಯವಾಗಿ ಜುಲಿಬ್ರಿಸಿನ್ ಅನ್ನೋ ಚಳಿ ಸೀಮೆ ಮರ, ನನ್ ಕೇಳಿದ್ರೆ ದುಡ್ಡು ದಂಡ.

ಬೀಜ ಫೆಬ್ರವರಿ ಮಾರ್ಚಲ್ಲಿ ಆರಿಸ್ಕೊಳ್ಳಿ. ಕಾಯಿ ಬಿಡಿಸಿದಾಗ ಕಂದು ಬಣ್ಣದ ಚಪ್ಪಟೆ ಬೀಜ, ಎರಡೂ ಮೈಮೇಲೆ ಕುದುರೆ ಲಾಳದ ಥರ ಒಂದು ಗೆರೆ ಇರುತ್ತೆ. ಗುಂಡುಸೂಜಿ ಚುಚ್ಚಿದಂಗೆ ತೂತಿದ್ರೆ ಹುಳ ತಿಂದಿದೆ ಅಂತ, ಎಸೀರಿ. ಸಿಪ್ಪೆ ಕಲ್ಲಿನಷ್ಟು ಗಟ್ಟಿ, ಹಾಗೇ ಮಣ್ಣಿಗೆ ಹಾಕಿದ್ರೆ ಕೆಲವು ಹುಟ್ಟುತ್ವೆ, ಕೆಲವು ತಿಂಗಳುಗಟ್ಟಲೆ ಸುಮ್ನೆ ಬಿದ್ದಿರ್ತವೆ. ಸ್ವಲ್ಪ ಬೀಜ ಇದ್ರೆ ನೇಲ್ ಕಟ್ಟರ್ ತಗೊಂಡು, ಕಾಯಿಗೆ ಅಂಟ್ಕೊಂಡಿದ್ದ ತುದಿ ಬಿಟ್ಟು ಎದುರು ಕಡೆ ಸಿಪ್ಪೆ ಚೂರೇ ಚೂರು ಕಿತ್ತು ರಾತ್ರಿ ನೀರಲ್ಲಿ ನೆನೆಹಾಕಿ, ಬೆಳಿಗ್ಗೆಗೆ ಊದಿರುತ್ತೆ. ಜಾಸ್ತಿ ಇದ್ರೆ ನೀರು ಕುದಿಸಿ ಒಲೆಯಿಂದ ಇಳಿಸಿ ಆಮೇಲೆ ಬೀಜ ಹಾಕಿ ಹಾಗೇ ಆರಕ್ಕೆ ಬಿಡಿ. ಒಲೆ ಮೇಲಿಟ್ಟು ಬೇಯಿಸ್ಬಿಟ್ರೆ ಹುಟ್ಟಲ್ಲ ಅಷ್ಟೇ.

ಕೆಮ್ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಬೆರೆಸಿ ಕವರ್ ತುಂಬಿ, ಬೆರಳಿನ ಅರ್ಧ ಗಿಣ್ಣಿನಷ್ಟು ಆಳಕ್ಕೆ ಒಂದೊಂದೇ ಬೀಜ. ಊದಿದ ಬೀಜ ಒಂದೆರಡು ವಾರದಲ್ಲಿ ಮೊಳಕೆ ಬರುತ್ತೆ. ಎಳೆ ಎಲೆ ತೂತು ತೂತಾದ್ರೆ ಅಡಿ ತಿರುಗಿಸಿ ನೋಡಿ, ಹಳದಿ ಚಿಟ್ಟೆಯ ಹಸಿರು ಹುಳ ನಡುನರದ ಉದ್ದಕ್ಕೆ ಮಲಗಿರುತ್ತೆ, ಕೈಯಲ್ಲೇ ಆರಿಸಿ ತೆಗೀರಿ, ಔಷಧಿ ಹೊಡಿಯೋ ಅಷ್ಟೇನಿಲ್ಲ. ಕವರ್ ತಳದಿಂದ ಬೇರು ನೆಲಕ್ಕೆ ಇಳೀದಂಗೆ ಆಗಾಗ ಜಾಗ ಬದಲಾಯಿಸ್ತಾ ಇರಿ.

ಜೂನ್ ಜುಲೈ ಮಳೆಗೆ ನೆಡಿ. ತಿಟ್ಟಿನ ಹೊಲದ ಬದು ಬೆಸ್ಟ್, ನಾಲೆ ಕೆಳಗೆ ನೀರು ನಿಲ್ಲೋ ಗದ್ದೆ ಬದು ಬೇಡ. ಒಂದೂವರೆ ಅಡಿ ಗುಂಡಿ ಸಾಕು, ಗಿಡದಿಂದ ಗಿಡಕ್ಕೆ 15-20 ಅಡಿ ಬಿಡಿ. ಬೇರಲ್ಲಿ ಗಂಟು ಕಟ್ಟಿ ಸಾರಜನಕ ತಾನೇ ಮಾಡ್ಕೊಳ್ಳೋದ್ರಿಂದ ಯೂರಿಯಾ ಸುರೀಬೇಡಿ. ಮೇಕೆಗೆ ಈ ಸೊಪ್ಪು ಅಂದ್ರೆ ಪ್ರಾಣ, ಮುಳ್ಳು ಕಟ್ಟದೆ ಬಿಟ್ರೆ ಒಂದೇ ದಿನದಲ್ಲಿ ಬರೀ ಕಡ್ಡಿ ಉಳಿಯುತ್ತೆ. ಮನೆ ಗೋಡೆ, ಕರೆಂಟ್ ವೈರ್ ಹತ್ರ ಮಾತ್ರ ಹಾಕ್ಬೇಡಿ, ಬೇರು ಮೇಲ್ಮೇಲೇ ಹರಡುತ್ತೆ, ಜೋರು ಗಾಳಿಗೆ ಮರ ಬೀಳೋದುಂಟು. ಮೊದಲೆರಡು ವರ್ಷ ಪಕ್ಕದ ಕೊಂಬೆ ಸವರ್ತಾ ಬಂದ್ರೆ ಕಾಂಡ ನೆಟ್ಟಗೆ ಹೋಗುತ್ತೆ, ಸವರಿದ ಸೊಪ್ಪು ಕುರಿಗೋ ಮೇಕೆಗೋ ಹಾಕಿ.