ಬ್ರಿಟನ್ನಿನಲ್ಲಿ ಜಿಪಿ ಹತ್ತಿರ ತೋರಿಸಿಕೊಳ್ಳುವುದು ಹೇಗೆ? ಹುಷಾರಾಗಿರುವಾಗಲೇ ಶುರು ಮಾಡಿ

ಇಂಗ್ಲೆಂಡಿಗೆ ಹೊಸದಾಗಿ ಬಂದವರಿಗೆ ಮೊದಲು ಗಾಬರಿ ಹುಟ್ಟಿಸುವ ಪದ 'ಸರ್ಜರಿ'. "ನಾಳೆ ಸರ್ಜರಿಗೆ ಬನ್ನಿ" ಅಂತ ಫೋನಿನಲ್ಲಿ ಹೇಳಿದರೆ ಎದೆ ಧಸಕ್ಕೆನ್ನುತ್ತದೆ. ನಮ್ಮಲ್ಲಿ ಸರ್ಜರಿ ಅಂದರೆ ಆಪರೇಷನ್ ಅಲ್ವಾ? ಇಲ್ಲಿ ಅದು ಬಡಾವಣೆಯ ಡಾಕ್ಟರ ಕ್ಲಿನಿಕ್‌ಗೆ ಇರುವ ಹೆಸರು. ಅಲ್ಲಿ ಕೂರುವ ಡಾಕ್ಟರು ಜಿಪಿ. ನಮ್ಮ ಹಳೇ ಕಾಲದ ಫ್ಯಾಮಿಲಿ ಡಾಕ್ಟರು ಇದ್ದ ಹಾಗೆ.

ಊರಲ್ಲಿ ಕಿವಿ ನೋವಾದರೆ ಇಎನ್‌ಟಿ, ಮಂಡಿ ನೋವಾದರೆ ಮೂಳೆ ಡಾಕ್ಟರು ಅಂತ ನೇರ ಹೋಗಿ ಟೋಕನ್ ತಗೊಂಡು ಕೂರುತ್ತೇವೆ. ಇಲ್ಲಿ ಹಾಗಾಗುವುದಿಲ್ಲ. ಎನ್‌ಎಚ್‌ಎಸ್ ಎಂಬ ಇಲ್ಲಿನ ಸರ್ಕಾರಿ ಆರೋಗ್ಯ ವ್ಯವಸ್ಥೆಯಲ್ಲಿ ಸ್ಪೆಷಲಿಸ್ಟ್ ನೋಡಬೇಕಾದರೆ ಸಾಮಾನ್ಯವಾಗಿ ಜಿಪಿ ಬರೆದು ಕಳಿಸಬೇಕು. ಇಲ್ಲಿ ಹೇಳುತ್ತಿರುವುದು ಇಂಗ್ಲೆಂಡಿನ ಕ್ರಮ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಲ್ಲಿ ಕೆಲವು ವಿಷಯ ಬೇರೆ.

ಮೊದಲು ಹೆಸರು ಬರೆಸಿ

ನಾನು ಬಂದ ಹೊಸತರಲ್ಲಿ "ಹುಷಾರು ತಪ್ಪಿದಾಗ ನೋಡಿಕೊಂಡರಾಯಿತು" ಅಂತ ಸುಮ್ನೆ ಇದ್ದುಬಿಟ್ಟೆ. ಎರಡನೇ ತಿಂಗಳಿಗೆ 102 ಡಿಗ್ರಿ ಜ್ವರ ಬಂತು. ಕಂಬಳಿ ಹೊದ್ದುಕೊಂಡು, ಕೈ ನಡುಗುತ್ತಾ ಫಾರ್ಮ್ ತುಂಬಿದ್ದು ಇನ್ನೂ ನೆನಪಿದೆ. ದಯವಿಟ್ಟು ಆ ತಪ್ಪು ಮಾಡಬೇಡಿ. ಮನೆ ಸಿಕ್ಕಿದ ವಾರವೇ ಈ ಕೆಲಸ ಮುಗಿಸಿ.

ಎನ್‌ಎಚ್‌ಎಸ್ ವೆಬ್‌ಸೈಟಿನಲ್ಲಿ ನಿಮ್ಮ ಪೋಸ್ಟ್‌ಕೋಡ್ ಹಾಕಿದರೆ ಹತ್ತಿರದ ಸರ್ಜರಿಗಳ ಪಟ್ಟಿ ಬರುತ್ತದೆ. ಒಂದನ್ನು ಆರಿಸಿ ಆನ್‌ಲೈನ್‌ನಲ್ಲೇ ಫಾರ್ಮ್ ತುಂಬಬಹುದು. ಇಲ್ಲವಾದರೆ ಸರ್ಜರಿಗೇ ಹೋಗಿ ಕಾಗದದ ಫಾರ್ಮ್ ಕೇಳಿ. ಹೆಸರು ಬರೆಸಲು ದುಡ್ಡು ಕೊಡಬೇಕಾಗಿಲ್ಲ. ಪಾಸ್‌ಪೋರ್ಟ್, ವೀಸಾ, ಬಾಡಿಗೆ ಕರಾರು ತೋರಿಸಲೇಬೇಕು ಎಂಬ ನಿಯಮವೂ ಇಲ್ಲ. ಇದ್ದರೆ ತೋರಿಸಿ, ಕೆಲಸ ಸಲೀಸಾಗುತ್ತದೆ. ಆದರೆ ಅದು ಇಲ್ಲ ಎಂಬ ಕಾರಣಕ್ಕೆ ವಾಪಸ್ ಕಳಿಸಿದರೆ, ಕಡ್ಡಾಯವಲ್ಲ ಅಂತ ವಿನಯದಿಂದಲೇ ಹೇಳಿ. ವೀಸಾ ತೆಗೆದುಕೊಳ್ಳುವಾಗ ನಮ್ಮಲ್ಲಿ ಬಹಳ ಜನ ವರ್ಷಕ್ಕೆ 1,035 ಪೌಂಡ್, ವಿದ್ಯಾರ್ಥಿಗಳಾದರೆ 776 ಪೌಂಡ್ ಆರೋಗ್ಯ ಶುಲ್ಕ ಕಟ್ಟಿಯೇ ಬಂದಿರುತ್ತೇವೆ. ಆದ್ದರಿಂದ ಸಂಕೋಚ ಪಡಬೇಡಿ.

ಫಾರ್ಮಿನಲ್ಲಿ ಮನೆಯವರ ಕಾಯಿಲೆಗಳ ಬಗ್ಗೆ ಒಂದು ಪ್ರಶ್ನೆ ಇದ್ದರೆ ಅದನ್ನು ಖಾಲಿ ಬಿಡಬೇಡಿ. ಅಪ್ಪನಿಗೆ ಶುಗರ್, ದೊಡ್ಡಪ್ಪನಿಗೆ ಹಾರ್ಟ್ ಅಟ್ಯಾಕ್ ಆಗಿತ್ತು ಎಂಬುದನ್ನೆಲ್ಲ ಬರೆಯಿರಿ. ದಕ್ಷಿಣ ಏಷ್ಯಾದವರಿಗೆ ಶುಗರ್ ಬೇಗ ಬರುತ್ತದೆ, ಮೈತೂಕ ಅಷ್ಟೇನೂ ಇಲ್ಲದಿದ್ದರೂ ಬರುತ್ತದೆ. ಡಾಕ್ಟರಿಗೆ ಇದು ಬೇಕಾದ ಮಾಹಿತಿ.

ಹೆಸರು ಸೇರಿದ ಮೇಲೆ ಎನ್‌ಎಚ್‌ಎಸ್ ಆ್ಯಪ್ ಹಾಕಿಕೊಳ್ಳಿ. ನಿಮ್ಮ 10 ಅಂಕಿಯ ಎನ್‌ಎಚ್‌ಎಸ್ ನಂಬರ್ ಅದರಲ್ಲೇ ಸಿಗುತ್ತದೆ.

ಅಪಾಯಿಂಟ್‌ಮೆಂಟ್ ಕೇಳುವ ಬಗೆ

ಸರ್ಜರಿಗಳು ಸಾಮಾನ್ಯವಾಗಿ ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 8ರಿಂದ ಸಂಜೆ 6.30ರವರೆಗೆ ಕೆಲಸ ಮಾಡುತ್ತವೆ. ಅವತ್ತೇ ನೋಡಬೇಕಾದ ತೊಂದರೆ ಇದ್ದರೆ 8 ಗಂಟೆಗೆ ಸರಿಯಾಗಿ ಫೋನ್ ಮಾಡಿ. ಆ ಹೊತ್ತಿಗೆ ಊರಿಗೆಲ್ಲ ಅದೇ ಕೆಲಸ. ಕ್ಯೂನಲ್ಲಿ ಕಾಯಬೇಕಾಗುತ್ತದೆ, ಫೋನ್ ಇಡಬೇಡಿ. ಅಷ್ಟು ತುರ್ತಿಲ್ಲದಿದ್ದರೆ ತೊಂದರೆ ಬರೆದು ಕಳಿಸುವ ಆನ್‌ಲೈನ್ ಫಾರ್ಮ್ ಸಾಕು. 2025ರ ಅಕ್ಟೋಬರ್ 1ರಿಂದ ಸರ್ಜರಿ ತೆರೆದಿರುವಷ್ಟು ಹೊತ್ತೂ ಆ ಫಾರ್ಮ್ ತೆರೆದಿರಬೇಕು ಎಂಬ ನಿಯಮ ಬಂದಿದೆ.

ಫೋನ್ ತೆಗೆದ ರಿಸೆಪ್ಷನಿಸ್ಟ್ "ಏನು ತೊಂದರೆ?" ಅಂತ ಕೇಳುತ್ತಾರೆ. ನಮ್ಮವರಿಗೆ ಇದು ಸರಿ ಬರುವುದಿಲ್ಲ. "ಅದನ್ನೆಲ್ಲ ಡಾಕ್ಟರ ಹತ್ತಿರ ಹೇಳುತ್ತೇನೆ, ಇವರಿಗ್ಯಾಕೆ?" ಅನಿಸುತ್ತದೆ. ನನಗೂ ಅನಿಸಿತ್ತು. ಆದರೆ ಅವರು ಕೇಳುವುದು ಕುತೂಹಲಕ್ಕಲ್ಲ. ನಿಮ್ಮನ್ನು ಡಾಕ್ಟರೇ ನೋಡಬೇಕೋ, ನರ್ಸ್ ಸಾಕೋ, ಫಿಸಿಯೋಥೆರಪಿಸ್ಟ್ ಹತ್ತಿರ ಕಳಿಸಬೇಕೋ, ಇವತ್ತೋ ಮುಂದಿನ ವಾರವೋ ಎಂಬುದೆಲ್ಲ ಆ ಉತ್ತರದ ಮೇಲೆ ನಿಂತಿದೆ. ನೀವು ಹೇಳಿದ್ದನ್ನು ಅವರು ಹೊರಗೆ ಬಾಯಿ ಬಿಡುವಂತಿಲ್ಲ. ತೀರಾ ಖಾಸಗಿ ವಿಷಯವಾದರೆ ಖಾಸಗಿ ಅಂತಲೇ ಹೇಳಿದರೆ ನಡೆಯುತ್ತದೆ.

ಇಲ್ಲಿ ನಮಗೆ ಮುಳುವಾಗುವುದು 'ಸ್ವಲ್ಪ' ಎಂಬ ಮಾತು. ಎಷ್ಟೇ ನರಳುತ್ತಿದ್ದರೂ "ಸ್ವಲ್ಪ ಹೊಟ್ಟೆ ನೋವು, ಅಷ್ಟೇ" ಅನ್ನುತ್ತೇವೆ. ಎದುರಿಗೆ ಕೂತ ನಮ್ಮೂರ ಡಾಕ್ಟರಿಗೆ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಫೋನಿಗೆ ಮುಖ ಕಾಣುವುದಿಲ್ಲ. ಅದನ್ನೇ ಹೀಗೆ ಹೇಳಿ ನೋಡಿ: "ಎರಡು ದಿನದಿಂದ ಹೊಟ್ಟೆಯ ಬಲಗಡೆ, ಕೆಳಗೆ ನೋವು. ನಿನ್ನೆ ರಾತ್ರಿಯಿಂದ ಜಾಸ್ತಿಯಾಗಿದೆ. ಎರಡು ಸಲ ವಾಂತಿಯಾಯಿತು. ನೆಟ್ಟಗೆ ನಿಲ್ಲಲು ಆಗುತ್ತಿಲ್ಲ." ನೋವು ಅದೇ. ಆದರೆ ಇದನ್ನು ಕೇಳಿದವರಿಗೆ ಅಪೆಂಡಿಕ್ಸ್ ಇರಬಹುದು ಎಂಬ ಯೋಚನೆ ಬರುತ್ತದೆ, ಅವತ್ತೇ ನೋಡುವ ದಾರಿ ಹುಡುಕುತ್ತಾರೆ. ಎಲ್ಲಿ, ಯಾವತ್ತಿನಿಂದ, ಜಾಸ್ತಿಯಾಗುತ್ತಿದೆಯಾ, ಇದರಿಂದ ಏನು ಮಾಡಲು ಆಗುತ್ತಿಲ್ಲ ಎಂಬುದನ್ನು ಫೋನ್ ಮಾಡುವ ಮೊದಲೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಇಂಗ್ಲಿಷ್ ಕಷ್ಟವಾದರೆ ದುಭಾಷಿ ಬೇಕು ಅಂತ ಬುಕ್ ಮಾಡುವಾಗಲೇ ಕೇಳಿ. ಅದು ಉಚಿತ. ಲೇಡಿ ಡಾಕ್ಟರೇ ಬೇಕು ಅಂತಲೂ ಕೇಳಬಹುದು. ಪರೀಕ್ಷೆ ಮಾಡುವಾಗ ಜೊತೆಗೆ ಇನ್ನೊಬ್ಬ ಸಿಬ್ಬಂದಿ ಇರಲಿ ಅಂತ ಕೇಳುವುದರಲ್ಲೂ ತಪ್ಪಿಲ್ಲ. ಹೋಗಲು ಆಗದಿದ್ದರೆ ಮುಂಚೆಯೇ ಕ್ಯಾನ್ಸಲ್ ಮಾಡಿ, ಇನ್ನೊಬ್ಬರಿಗಾದರೂ ಸಿಗಲಿ.

ಜಿಪಿಯೇ ಬೇಕಾಗಿಲ್ಲದಾಗ

ಗಂಟಲು ನೋವು, ಮಕ್ಕಳ ಕಿವಿ ನೋವು, ಸೈನಸ್, ಸರ್ಪಸುತ್ತು, ಕೀಟ ಕಚ್ಚಿ ಆದ ಸೋಂಕು, ಇಂಪೆಟೈಗೊ ಎಂಬ ಚರ್ಮದ ಸೋಂಕು, ಹೆಂಗಸರ ಉರಿಮೂತ್ರ. ಈ ಏಳಕ್ಕೆ ಫಾರ್ಮಸಿಯಲ್ಲೇ ನೋಡಿ ಔಷಧಿ ಕೊಡುವ 'ಫಾರ್ಮಸಿ ಫಸ್ಟ್' ವ್ಯವಸ್ಥೆ 2024ರ ಜನವರಿ 31ರಿಂದ ಇದೆ. ಒಂದೊಂದಕ್ಕೂ ವಯಸ್ಸಿನ ಮಿತಿ ಇದೆ, ಅವರೇ ಹೇಳುತ್ತಾರೆ.

ರಾತ್ರಿ ಅಥವಾ ರಜಾ ದಿನ ತೊಂದರೆಯಾದರೆ ಎನ್‌ಎಚ್‌ಎಸ್ ಸಹಾಯವಾಣಿ 111ಕ್ಕೆ ಫೋನ್ ಮಾಡಿ. ಎದೆ ನೋವು, ಉಸಿರಾಡಲು ಕಷ್ಟ, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ನಿಲ್ಲದ ರಕ್ತ. ಇವುಗಳಿಗೆ ಜಿಪಿಯನ್ನು ಕಾಯಲೇಬೇಡಿ. ನೇರ ಆಂಬ್ಯುಲೆನ್ಸ್ ನಂಬರ್ 999.

ಒಳಗೆ ಹೋದ ಮೇಲೆ

ಸಿಗುವುದು ಸಾಮಾನ್ಯವಾಗಿ 10 ನಿಮಿಷ. ಮುಖ್ಯ ತೊಂದರೆಯನ್ನು ಮೊದಲ ನಿಮಿಷದಲ್ಲೇ ಹೇಳಿ. ಸೊಂಟ ನೋವು, ಕೂದಲು ಉದುರುವುದು ಎಲ್ಲ ಹೇಳಿ ಮುಗಿಸಿ, ಎದ್ದು ಬಾಗಿಲ ಹತ್ತಿರ ಹೋದ ಮೇಲೆ "ಎದೆಯಲ್ಲೊಂದು ಗಂಟು ಇದೆ" ಅನ್ನುವವರಿದ್ದಾರೆ. ನಾಚಿಕೆ ಅರ್ಥವಾಗುತ್ತದೆ. ಆದರೆ ಆ ಗಂಟಿಗೇ ಇಡೀ ಹತ್ತು ನಿಮಿಷ ಬೇಕು.

ಆಂಟಿಬಯಾಟಿಕ್ ಕೊಡದೆ ಕಳಿಸಿದರೆ ಬೇಜಾರಾಗಬೇಡಿ. ನೆಗಡಿ, ಫ್ಲೂ ಬರುವುದು ವೈರಸ್‌ನಿಂದ, ಅದಕ್ಕೆ ಆಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ. ಎದ್ದು ಬರುವ ಮುಂಚೆ ಒಂದು ಪ್ರಶ್ನೆ ಮಾತ್ರ ಕೇಳಿ: "ಎಷ್ಟು ದಿನದಲ್ಲಿ ಕಡಿಮೆಯಾಗಬೇಕು, ಏನಾದರೆ ಮತ್ತೆ ಬರಬೇಕು?"

ಔಷಧಿಯನ್ನು ಫಾರ್ಮಸಿಯಲ್ಲಿ ತಗೊಳ್ಳಬೇಕು. 2024ರ ಮೇನಲ್ಲಿ ನಿಗದಿಯಾದಂತೆ ಒಂದೊಂದು ಔಷಧಿಗೆ 9.90 ಪೌಂಡ್. ಥೈರಾಯ್ಡ್ ಕಡಿಮೆ ಇದ್ದು ಮಾತ್ರೆ ತಗೊಳ್ಳುವವರು, ಶುಗರ್‌ಗೆ ಔಷಧಿ ತಗೊಳ್ಳುವವರು ವಿನಾಯಿತಿ ಸರ್ಟಿಫಿಕೇಟ್ ಮಾಡಿಸಿಕೊಂಡರೆ ಎಲ್ಲ ಚೀಟಿ ಔಷಧಿಯೂ ಉಚಿತ. ಗೊತ್ತಿಲ್ಲದೆ ವರ್ಷಗಟ್ಟಲೆ ದುಡ್ಡು ಕೊಟ್ಟವರಿದ್ದಾರೆ. ಸರ್ಜರಿಯಲ್ಲೇ ಅದರ ಫಾರ್ಮ್ ಕೇಳಿ.

ಅಪ್ಪ ಅಮ್ಮ ಬಂದಾಗ

ವಿಸಿಟರ್ ವೀಸಾದಲ್ಲಿ ಬಂದ ಅಪ್ಪ ಅಮ್ಮನನ್ನೂ ಸರ್ಜರಿಯಲ್ಲಿ ತಾತ್ಕಾಲಿಕವಾಗಿ, ಮೂರು ತಿಂಗಳವರೆಗೆ ಸೇರಿಸಬಹುದು. ಜಿಪಿ ನೋಡುವುದಕ್ಕೆ ದುಡ್ಡಿಲ್ಲ. ಆದರೆ ಆಸ್ಪತ್ರೆಗೆ ಅಡ್ಮಿಟ್ ಆದರೆ ದೊಡ್ಡ ಬಿಲ್ ಬರುತ್ತದೆ. ಇನ್ಶೂರೆನ್ಸ್ ಇಲ್ಲದೆ ಕರೆಸಿಕೊಳ್ಳಬೇಡಿ.

ಅಮ್ಮನ ಸ್ಟೀಲ್ ಡಬ್ಬಿಯನ್ನು ಒಮ್ಮೆ ತೆಗೆದು ನೋಡಿ. ಅರ್ಧ ಕತ್ತರಿಸಿದ ಸ್ಟ್ರಿಪ್‌ಗಳು, ರಬ್ಬರ್ ಬ್ಯಾಂಡ್ ಸುತ್ತಿದ ಮಾತ್ರೆಗಳು. "ಬಿಳೀದು ಬೆಳಿಗ್ಗೆ, ಚಿಕ್ಕ ಗುಲಾಬಿ ರಾತ್ರಿ" ಅಂತ ಅಮ್ಮನಿಗೆ ಬಾಯಿಪಾಠ. ಇಲ್ಲಿನ ಡಾಕ್ಟರಿಗೆ ನಮ್ಮ ಬ್ರ್ಯಾಂಡ್ ಹೆಸರು ತಿಳಿಯುವುದಿಲ್ಲ. ಸ್ಟ್ರಿಪ್‌ನ ಮೇಲೆ ಸಣ್ಣ ಅಕ್ಷರದಲ್ಲಿ ಇರುವ ಔಷಧಿಯ ಹೆಸರು ಬೇಕು. ಥೈರೋನಾರ್ಮ್ ಅಂದರೆ ಲೆವೋಥೈರಾಕ್ಸಿನ್, ಗ್ಲೈಕೊಮೆಟ್ ಅಂದರೆ ಮೆಟ್‌ಫಾರ್ಮಿನ್, ಟೆಲ್ಮಾ ಅಂದರೆ ಟೆಲ್ಮಿಸಾರ್ಟಾನ್, ಡೋಲೋ ಅಂದರೆ ಪ್ಯಾರಾಸಿಟಮಾಲ್. ಅವರು ವಿಮಾನ ಹತ್ತುವ ಮೊದಲೇ ಊರಿನ ಡಾಕ್ಟರ ಹತ್ತಿರ ಇವನ್ನು ಡೋಸ್ ಸಮೇತ ಇಂಗ್ಲಿಷಿನಲ್ಲಿ ಬರೆಸಿಕೊಳ್ಳಲು ಹೇಳಿ. ಪಟ್ಟಿ ಅಮ್ಮನ ಪರ್ಸಿನಲ್ಲಿರಲಿ, ಅದರ ಫೋಟೊ ನಿಮ್ಮ ಮೊಬೈಲಿನಲ್ಲೂ ಇರಲಿ.