ಬಯೋಡೇಟಾಕ್ಕೆ ಮೊದಲು ಒಂದು ಖಾಲಿ ಹಾಳೆ

ಕಲಬುರಗಿಯಲ್ಲಿ ವೃತ್ತಿ ಸಲಹೆಗೆ ಬರುವವರು ಕೂತ ಕೂಡಲೇ ಕೇಳುವುದು, "ಸರ್, ಯಾವ ಕೋರ್ಸ್ ಮಾಡ್ಬೇಕ್ರಿ?" ಅದಕ್ಕೆ ನಾನು ಉತ್ತರ ಹೇಳುವುದಿಲ್ಲ, ಒಂದು ಖಾಲಿ ಹಾಳೆ ಕೊಡುತ್ತೇನೆ. ಈತನಕ ಕೂಲಿಗಾಗಲಿ, ಸಂಬಳಕ್ಕಾಗಲಿ, ಮನೆಗಾಗಲಿ ಮಾಡಿದ ಕೆಲಸಗಳನ್ನೆಲ್ಲ 20 ನಿಮಿಷದಲ್ಲಿ, ಕನ್ನಡದಲ್ಲೇ ಬರೆಯಬೇಕು. ಹುದ್ದೆಯ ಹೆಸರು ಬೇಡ, ಏನು ಮಾಡಿದಿರಿ ಅನ್ನುವುದಷ್ಟೇ ಸಾಕು. ಈ ಕಸುಬಿನಲ್ಲಿ ಹೇಳುವ ಮಾತು ಕಡಿಮೆ, ಬರೆಸುವುದೇ ಹೆಚ್ಚು.

ಹಾಳೆಯಲ್ಲಿ ಸಾಮಾನ್ಯವಾಗಿ ಬರುವ ಸಾಲು: "ದಾಲ್ ಮಿಲ್‌ನಾಗ ಆಫೀಸ್ ಕೆಲಸ." ಈ ನಾಲ್ಕು ಪದಗಳನ್ನು ಬಿಡಿಸುವುದಕ್ಕೇ ಅರ್ಧ ಗಂಟೆ ಬೇಕು. ದಿನಕ್ಕೆ ಎಷ್ಟು ಬಿಲ್? ಕಂಪ್ಯೂಟರಿನ ಟ್ಯಾಲಿ ಲೆಕ್ಕದಲ್ಲೋ, ಖಾತೆ ಪುಸ್ತಕದಲ್ಲೋ? ₹50,000 ಮೀರಿದ ಮಾಲು ಹೊರಟಾಗ ಇ-ವೇ ಬಿಲ್ ತೆಗೆದವರು ಯಾರು? ತೂಕದ ಚೀಟಿಯನ್ನು ಬಿಲ್ಲಿಗೆ ತಾಳೆ ಹಾಕಿದವರು ಯಾರು? ಜಿಎಸ್‌ಟಿ ರಿಟರ್ನ್‌ಗೆ ಮಾರಾಟದ ಪಟ್ಟಿ ಆಡಿಟರ್‌ಗೆ ಕಳಿಸಿದವರು? ಎಲ್ಲದಕ್ಕೂ "ನಾನೇರಿ" ಅಂತ ಬಂದರೆ ಆ ಹುಡುಗ ಅಕೌಂಟ್ಸ್ ಅಸಿಸ್ಟೆಂಟ್. ಅವನಿಗೆ ಹೊಸ ಕೋರ್ಸ್ ಬೇಕಿಲ್ಲ, ಒಂದು ಪುಟದ ಬಯೋಡೇಟಾ ಬೇಕು. ತೊಗರಿ ಸುಗ್ಗಿಯ ತಿಂಗಳುಗಳಲ್ಲಿ ಮಾತ್ರ ದುಡಿದಿದ್ದರೆ ಹಾಗೇ "ಸುಗ್ಗಿ ಅವಧಿ, ಡಿಸೆಂಬರ್–ಮಾರ್ಚ್" ಎಂದು ಬರೆಸುತ್ತೇನೆ. ವರ್ಷಪೂರ್ತಿ ಎಂದು ಹಿಗ್ಗಿಸಿದರೆ ಸಂದರ್ಶನದ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ.

ಭಾಷೆಯ ಸಾಲನ್ನು ಎಲ್ಲರೂ ಹಾಳು ಮಾಡಿಕೊಳ್ಳುತ್ತಾರೆ. ಬೀದರ್ ಕಡೆಯವರು ಮರಾಠಿಯನ್ನು, ಗುರುಮಠಕಲ್ ಕಡೆಯವರು ತೆಲುಗನ್ನು, ಕಲಬುರಗಿ ಪೇಟೆಯವರು ದಖನಿಯನ್ನು ಲೆಕ್ಕಕ್ಕೇ ಇಡುವುದಿಲ್ಲ. ಹೈದರಾಬಾದಿನ ಕಾಲ್ ಸೆಂಟರ್, ಆಸ್ಪತ್ರೆ ಕೌಂಟರ್, ಔಷಧ ಮಾರಾಟದ ಕೆಲಸಗಳಿಗೆ ಅದೇ ಬಂಡವಾಳ. ಓದಲು ಬರೆಯಲು ಬಾರದಿದ್ದರೆ "ಮಾತು ಮಾತ್ರ" ಎಂದು ಸೇರಿಸಿ, ಪುಟದ ಮೇಲ್ಭಾಗಕ್ಕೆ ತರಬೇಕು.

ಸೇಡಂ, ವಾಡಿ ಕಡೆ ಸಿಮೆಂಟ್ ಕಾರ್ಖಾನೆಯಲ್ಲಿ ಗುತ್ತಿಗೆದಾರರ ಕೈಕೆಳಗೆ ದುಡಿದ ಫಿಟ್ಟರ್, ವೆಲ್ಡರ್‌ಗಳ ಬಳಿ ಅನುಭವ ಪತ್ರ ಇರುವುದೇ ಅಪರೂಪ. ಅವರಿಗೆ ಪಿಎಫ್ ಪಾಸ್‌ಬುಕ್ ತೆಗೆಸುತ್ತೇನೆ. ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಯಾರ ಹೆಸರಲ್ಲಿ ಹಣ ಬಿದ್ದಿದೆ ಎಂಬುದು ಅಲ್ಲಿ ಇರುತ್ತದೆ. ತೊಡಕಾಗುವುದು ಬೇರೆ ಕಡೆ: ಗುತ್ತಿಗೆದಾರ ಕೆಲಸ ಬಿಟ್ಟ ದಿನಾಂಕ ತುಂಬಿರುವುದಿಲ್ಲ. ಹೊಸ ಕಂಪನಿ ಪರಿಶೀಲಿಸಿದಾಗ ಒಬ್ಬನೇ ಎರಡು ಕಡೆ ನೌಕರಿಯಲ್ಲಿ ಇದ್ದಂತೆ ಕಾಣುತ್ತದೆ. ಕೊನೆಯ ವಂತಿಗೆಯಾಗಿ ಎರಡು ತಿಂಗಳು ಕಳೆದ ಮೇಲೆ ಸದಸ್ಯರೇ ಪೋರ್ಟಲ್‌ನಲ್ಲಿ ಆ ದಿನಾಂಕ ಹಾಕಬಹುದು. ಆದರೆ ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿ ಇರಬೇಕು. ಇಂಟರ್ನೆಟ್ ಸೆಂಟರಿನವರ ನಂಬರು, ಇಮೇಲ್ ಕೊಟ್ಟು ನೌಕರಿ ಅರ್ಜಿ ಹಾಕಿಸಿದವರಿಗೂ ಇದೇ ಕಾಟ. ಒಟಿಪಿಯೂ ಸಂದರ್ಶನದ ಕರೆಯೂ ಅಂಗಡಿಗೇ ಹೋಗುತ್ತವೆ.

ಸರ್ಕಾರಿ ನೌಕರಿ ಬಯಸುವವರಿಗೆ ಪಠ್ಯಕ್ರಮಕ್ಕೂ ಮೊದಲು 371(ಜೆ), ಅಂದರೆ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ ವಿಧಿಯ ಬಗ್ಗೆ ಕೇಳುತ್ತೇನೆ. 2013ರ ಆದೇಶದಂತೆ ನಮ್ಮ ಭಾಗದ ಸ್ಥಳೀಯ ವೃಂದದ ಹುದ್ದೆಗಳಲ್ಲಿ ಸ್ಥಳೀಯರಿಗೆ ಗ್ರೂಪ್ ಎ, ಬಿ ಶೇ 75, ಸಿ ಶೇ 80, ಡಿ ಶೇ 85 ಮೀಸಲು. ಇದಕ್ಕೆ ಸಹಾಯಕ ಆಯುಕ್ತರು ಕೊಡುವ ಅರ್ಹತಾ ಪ್ರಮಾಣಪತ್ರ ಬೇಕು. ತಹಶೀಲ್ದಾರರ ವಾಸಸ್ಥಳ ಪತ್ರವನ್ನೇ ಇದು ಎಂದುಕೊಂಡು ಫೈಲಲ್ಲಿ ಇಟ್ಟುಕೊಂಡವರು ಬಹಳ. ಹಳ್ಳಿ ಶಾಲೆಯಲ್ಲಿ 1ರಿಂದ 10ರವರೆಗೆ ಓದಿದವರಿಗೆ ಗ್ರಾಮೀಣ ಶೇ 25, ಕನ್ನಡ ಮಾಧ್ಯಮದವರಿಗೆ ಶೇ 5 ಇದೆ, ಅವಕ್ಕೂ ಬೇರೆ ಬೇರೆ ಪತ್ರ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ "ಶರಣಬಸಪ್ಪ", ಆಧಾರ್‌ನಲ್ಲಿ "ಶರಣಬಸವ" ಇದ್ದರೆ ಅಂಕಪಟ್ಟಿಯ ಹೆಸರನ್ನೇ ಆಧಾರ ಮಾಡಿ ಉಳಿದದ್ದನ್ನು ತಿದ್ದಿಸಬೇಕು, ತಿರುಗಾ ಮುರುಗಾ ಮಾಡಬಾರದು.

ಖಾಸಗಿ ನೌಕರಿಯಾದರೆ ಸಂಬಳದ ಗಣಿತ. ಹೈದರಾಬಾದಿನಲ್ಲಿ ವರ್ಷಕ್ಕೆ ₹2.4 ಲಕ್ಷ ಸಿಟಿಸಿ (ನೌಕರನಿಗಾಗಿ ಕಂಪನಿ ಮಾಡುವ ಒಟ್ಟು ಖರ್ಚು) ಅಂದರೆ ಮನೆಯವರು ತಿಂಗಳಿಗೆ 20 ಸಾವಿರ ಅಂದುಕೊಳ್ಳುತ್ತಾರೆ. ಮೂಲ ವೇತನ ₹10,000 ಇಟ್ಟು ಲೆಕ್ಕ ಹಾಕೋಣ. ಕಂಪನಿಯ ಪಾಲಿನ ಪಿಎಫ್ ಮತ್ತು ಅದರ ಶುಲ್ಕ ₹1,300, ಗ್ರಾಚ್ಯುಟಿ ₹481, ನೌಕರರ ಆರೋಗ್ಯ ವಿಮೆಯಾದ ಇಎಸ್‌ಐ ಸುಮಾರು ₹570 ಅದರೊಳಗೇ ಹೋಗುತ್ತವೆ. ಉಳಿದ ಸುಮಾರು ₹17,650ರಲ್ಲಿ ನೌಕರನ ಪಿಎಫ್ ₹1,200, ಇಎಸ್‌ಐ ₹130ರಷ್ಟು, ತೆಲಂಗಾಣದ ವೃತ್ತಿ ತೆರಿಗೆ ₹150 ಕಳೆಯಬೇಕು. ಕೈಗೆ ಬರುವುದು ₹16 ಸಾವಿರದ ಆಸುಪಾಸು. ಪಿ.ಜಿ. ಬಾಡಿಗೆಯನ್ನು ನಾನು ಹೇಳುವುದಿಲ್ಲ. ಎದುರಿಗೇ ಎರಡು ಕಡೆ ಫೋನ್ ಮಾಡಿಸಿ ಅವರ ಕೈಲೇ ಬರೆಸುತ್ತೇನೆ. ಊರಲ್ಲೇ ₹12 ಸಾವಿರ ಸಿಗುವವರು ಹೊರಡುವುದೋ ಬೇಡವೋ ಎನ್ನುವುದು ಆ ಹಾಳೆ ನೋಡಿದ ಮೇಲಿನ ಮಾತು.

ಪತ್ರಿಕೆಗೆ ನಾನು ಬರೆಯುವ ವೃತ್ತಿ ಸಲಹೆಯ ಅಂಕಣ ಹುಟ್ಟುವುದೂ ಈ ಹಾಳೆಗಳಿಂದಲೇ. ಒಂದು ಬರಹಕ್ಕೆ ಒಂದೇ ಪ್ರಶ್ನೆ, 450 ಪದ. ಕೇಳಿದವರ ಒಪ್ಪಿಗೆ ಪಡೆದು ಊರು, ವಯಸ್ಸು, ಮಿಲ್ಲಿನ ಗುರುತು ಬದಲಿಸುತ್ತೇನೆ, ಲೆಕ್ಕವನ್ನು ಮಾತ್ರ ಮುಟ್ಟುವುದಿಲ್ಲ. ಊರು ಬದಲಿಸುವಾಗಲೂ ಈ ಭಾಗದೊಳಗೇ ಇಡಬೇಕು. ಚಿಂಚೋಳಿಯನ್ನು ಹಾಸನ ಮಾಡಿದರೆ 371(ಜೆ) ಲೆಕ್ಕವೇ ಕೆಡುತ್ತದೆ. ಕೋಚಿಂಗ್ ಸೆಂಟರ್‌ನ ಹೆಸರು ಅಂಕಣದಲ್ಲಿ ಬರುವುದಿಲ್ಲ, ಅವರಿಂದ ಕಮಿಷನ್ನೂ ಇಲ್ಲ. ಎರಡರಲ್ಲಿ ಒಂದಕ್ಕೆ ಒಪ್ಪಿದರೂ ಓದುಗರು ಪತ್ತೆ ಹಚ್ಚುತ್ತಾರೆ.

ನೇಮಕಾತಿ ಅಧಿಸೂಚನೆಯ ಬಗ್ಗೆ ವಾಟ್ಸ್‌ಆ್ಯಪ್ ಸಂದೇಶ ನೋಡಿ ಬರೆಯಬಾರದು. ಮೂಲ ಪಿಡಿಎಫ್ ತೆರೆದು ವಯೋಮಿತಿಯನ್ನು ಯಾವ ದಿನಾಂಕಕ್ಕೆ ಲೆಕ್ಕ ಹಾಕುತ್ತಾರೆ, ಪ್ರಮಾಣಪತ್ರಗಳು ಯಾವ ದಿನದೊಳಗೆ ಕೈಯಲ್ಲಿ ಇರಬೇಕು ಎಂಬ ಎರಡು ಸಾಲು ಹುಡುಕುತ್ತೇನೆ. ಕೊನೆಯ ದಿನಕ್ಕೆ ಹತ್ತು ದಿನವೂ ಇಲ್ಲದಿದ್ದರೆ ಆ ಹುದ್ದೆಯ ಬಗ್ಗೆ ಬರೆಯುವುದಿಲ್ಲ. ಪತ್ರಿಕೆ ಓದಿದ ಮೇಲೆ ಅರ್ಜಿ ಕೊಟ್ಟು ಸಹಾಯಕ ಆಯುಕ್ತರ ಕಚೇರಿಯಿಂದ ಪತ್ರ ಪಡೆಯಲು ಅಷ್ಟು ಸಮಯ ಸಾಲದು. ಅಂಥ ವಾರ ಆ ಜಾಗದಲ್ಲಿ ಪ್ರಮಾಣಪತ್ರಗಳ ಪಟ್ಟಿಯನ್ನೇ ಹಾಕುತ್ತೇನೆ, ಮುಂದಿನ ಅಧಿಸೂಚನೆಗೆ ಬೇಕಾಗುತ್ತದೆ.