ಪಡಸಾಲಿಯ ಬೂದು, ಅವ್ವನ ಸೀರೆಯ ಹಸಿರು

ಕಲಬುರಗಿಯಲ್ಲಿ ಚಿತ್ರ ಕಲಿಯುವವರಿಗೆ ಮೊದಲು ಮರುಳು ಹಿಡಿಸುವುದು ಎಸ್.ಎಂ. ಪಂಡಿತರ (1916–1993) ಬಣ್ಣ. ಇದೇ ಊರಲ್ಲಿ ಹುಟ್ಟಿದವರು. ಅವರ ದೇವದೇವತೆಯರ ಮೈ ಹೊಳೆಯುತ್ತದೆ. ನನಗೆ ಬೇಕಿದ್ದದ್ದು ಏಪ್ರಿಲ್ ಮಧ್ಯಾಹ್ನದ ಪಡಸಾಲಿ: ಬಿಸಿಲಿಗೆ ಬಾಗಿಲು ಮುಂದೆ ಮಾಡಿ, ಉತ್ತರದ ಕಿಟಕಿಯೊಂದನ್ನೇ ತೆರೆದಿಟ್ಟು, ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತ ಕೂತ ಅವ್ವ. ಅಲ್ಲಿ ಹೊಳೆಯುವಂಥದ್ದೇನೂ ಇಲ್ಲ.

ಅದಕ್ಕೇ ಸ್ವೀಡನ್ನಿನ ಚಿತ್ರಕಾರ ಆಂಡರ್ಸ್ ಝೋರ್ನ್ (1860–1920) ಹೆಸರಿನ ನಾಲ್ಕು ಬಣ್ಣ ಹಿಡಿದೆ: ಬಿಳಿ, ಯೆಲ್ಲೋ ಓಕರ್ ಎಂಬ ಮಣ್ಣುಹಳದಿ, ಕೆಂಪು, ಐವರಿ ಬ್ಲ್ಯಾಕ್ ಎಂಬ ಕಪ್ಪು. ನೀಲಿ ಇಲ್ಲ, ಬೇಕಾಗಲೂ ಇಲ್ಲ. ಕಪ್ಪಿಗೆ ಬಿಳಿ ಕಲಸಿದ ಬೂದು, ಪಕ್ಕದಲ್ಲಿ ಓಕರ್ ಇದ್ದರೆ ತಾನೇ ನೀಲಿಯಾಗಿ ಕಾಣುತ್ತದೆ. ಅದೇ ಕಪ್ಪಿಗೆ ಓಕರ್ ಬೆರೆಸಿದರೆ ಅವ್ವನ ಸೀರೆಯ ಮಾಸಿದ ಹಸಿರು. ಅಕ್ರಿಲಿಕ್ ನಮ್ಮ ಬೇಸಿಗೆಗೆ ಆಗಿಬರುವುದಿಲ್ಲ, ಕಲಸುವಷ್ಟರಲ್ಲಿ ತಟ್ಟೆಯಲ್ಲೇ ಒಣಗುತ್ತದೆ. ಎಣ್ಣೆಬಣ್ಣವೇ ಸೈ.

ಕ್ಯಾನ್ವಾಸ್ ಮುಟ್ಟುವ ಮೊದಲು ಬೂದು ಕಲಸಿಕೊಳ್ಳುತ್ತೇನೆ: ಕಡು, ನಡು, ತಿಳಿ. ಕಣ್ಣು ಅರೆಮುಚ್ಚಿದರೆ ಕೋಣೆಯಲ್ಲಿ ಉಳಿಯುವುದು ಇವೇ. ಗೋಡೆ ನಡು, ಬಾಗಿಲ ಹಿಂದಿನ ಮೂಲೆ ಕಡು, ಅವ್ವನ ಹಣೆಯ ಒಂದು ಬದಿಯಷ್ಟೇ ತಿಳಿ. ಅನುಮಾನ ಬಂದರೆ ಮೊಬೈಲಿನಲ್ಲಿ ಕಪ್ಪುಬಿಳುಪು ಫೋಟೊ ತೆಗೆದು ಚಿತ್ರದ ಪಕ್ಕ ಹಿಡಿಯುತ್ತೇನೆ. ಛಾಯೆ, ಅಂದರೆ ಈ ಕಡು-ತಿಳಿಯ ಅಳತೆ, ಕೂಡಿದ್ದರೆ ಬಣ್ಣ ಅತ್ತಿತ್ತಾದರೂ ನಡೆಯುತ್ತದೆ; ಛಾಯೆ ಕೆಟ್ಟರೆ ಎಷ್ಟು ಬಣ್ಣ ಸುರಿದರೂ ಅಷ್ಟೆ.

ಹೆಚ್ಚು ಹೊತ್ತು ತಿಂದದ್ದು ಗದ್ದದ ಕೆಳಗಿನ ನೆರಳು. ಅಲ್ಲಿ ಕಪ್ಪು ಹಚ್ಚು ಎನ್ನುತ್ತದೆ ಕೈ, ಕಣ್ಣು ಒಪ್ಪುವುದಿಲ್ಲ. ನಮ್ಮ ನೆಲ ಶಹಾಬಾದ್ ಕಲ್ಲಿನದು. ಕಿಟಕಿಯ ಬೆಳಕು ಅದರ ಮೇಲೆ ಬಿದ್ದು, ತಣ್ಣನೆಯ ಬೂದಾಗಿ ಮೇಲೆದ್ದು, ಗದ್ದಕ್ಕೆ, ಮೂಗಿನ ಕೆಳಗೆ, ಮುಂಗೈ ಒಳಬದಿಗೆ ತಾಗುತ್ತದೆ. ಮೊರದ ಬೇಳೆ ಅದಕ್ಕೆ ಒಂದಿಷ್ಟು ಹಳದಿ ಕೊಡುತ್ತದೆ. ಹಾಗಾಗಿ ಓಕರ್-ಕೆಂಪಿನ ಚರ್ಮದ ಬಣ್ಣಕ್ಕೆ ಕಪ್ಪಿನ ಬದಲು, ನೆಲಕ್ಕೆಂದು ಕಲಸಿದ್ದ ಬೂದನ್ನೇ ತುಸು ಸೇರಿಸಿದೆ. ಅವ್ವ ಆ ಕೋಣೆಯಲ್ಲೇ ಕೂತಂತಾಯಿತು. ಅಪ್ಪಟ ಕೆಂಪನ್ನು ಕುಂಕುಮಕ್ಕೆ ಮಾತ್ರ ಉಳಿಸಿಕೊಂಡೆ. ಸುತ್ತ ಬೂದಿದ್ದುದರಿಂದ ಒಂದು ಚುಕ್ಕೆಯೇ ಸಾಕಾಯಿತು.

"ಇದೇನೋ, ಬೂದಿ ಬಡದಂಗ ಮಾಡೀದಿ? ಒಂದೀಟು ಚಲೋ ಬಣ್ಣ ಹಚ್ಚಬಾರದೇನು?" ಅಂದಳು ಅವ್ವ. ಕುಂಕುಮ ತೋರಿಸಿದೆ. "ಅದೊಂದೇ ಚಂದ ಅದ" ಅಂತ ಮೊರ ಎತ್ತಿಕೊಂಡು ಒಳಗೆ ಹೋದಳು.

ಈಗ ಬೆಳಕು ಇಳಿದ ಮೇಲೆ ಬಣ್ಣ ಕಲಸುವುದಿಲ್ಲ. ಎಲ್‌ಇಡಿ ದೀಪದಲ್ಲಿ ಸರಿ ಕಂಡ ಬೂದು ಬೆಳಿಗ್ಗೆ ಬೇರೆಯೇ ಇರುತ್ತದೆ. ಐವರಿ ಬ್ಲ್ಯಾಕ್ ಒಣಗುವುದೂ ನಿಧಾನ. ಕಡು ಭಾಗಕ್ಕೆ ಬಣ್ಣ ತೆಳ್ಳಗೆ ಹಚ್ಚುತ್ತೇನೆ.